ಟೆರೇಸಿನ ಮೇಲಿನ ಹಳದಿ ಬಟ್ಟೆ

ಟೈಲರಮ್ಮನ ಮನೆ ಹುಡುಕಲು ವಿಳಾಸ ಬೇಕಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನು ಕೇಳಿದರೂ, "ನೇರ ನಡೀರಿ. ತಲೆ ಮೇಲೆ ವಿಮಾನ ಹೋದ್ರೆ ಅದೇ ಬೀದಿ. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿದ್ರೆ ಅದೇ ಮನೆ" ಎನ್ನುತ್ತಿದ್ದರು. ಊರಂಚಿನ ಏರ್‌ಸ್ಟ್ರಿಪ್‌ಗೆ ಇಳಿಯುವ ವಿಮಾನಗಳೆಲ್ಲ ಆ ಮನೆಯ ಮೇಲೆಯೇ ಹಾದುಹೋಗಬೇಕು. ವಿಮಾನಗಳೆಲ್ಲ ಎಂದರೆ ದೊಡ್ಡ ಮಾತಾಯಿತು, ಇದ್ದದ್ದು ಮೂರು. ಒಂದು ಸದಾ ರಿಪೇರಿಯಲ್ಲಿರುತ್ತಿತ್ತು. ಇನ್ನೊಂದು ಹೊಲಗಳಿಗೆ ಔಷಧ ಸಿಂಪಡಿಸುತ್ತಿತ್ತು. ಮೂರನೆಯದು ಅಂಚೆ ಚೀಲ, ಆಸ್ಪತ್ರೆಯ ಪೆಟ್ಟಿಗೆ, ಯಂತ್ರದ ಬಿಡಿಭಾಗ, ಒಮ್ಮೊಮ್ಮೆ ಕೋಳಿಮರಿಗಳನ್ನೂ ಹೊತ್ತು ಊರೂರು ತಿರುಗುತ್ತಿತ್ತು. ಅದನ್ನು ಓಡಿಸುತ್ತಿದ್ದವನೇ ಟೈಲರಮ್ಮನ ಗಂಡ. ಊರಿಗೆಲ್ಲ ಆತ ಕ್ಯಾಪ್ಟನ್, ಹೆಂಡತಿಗೆ ಮಾತ್ರ ಬರೀ "ರೀ".

ಕ್ಯಾಪ್ಟನ್ ಮಾತಿನಲ್ಲಿ ಮಹಾ ಜಿಪುಣ. ಊಟ ಚೆನ್ನಾಗಿದ್ದರೆ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ, ಹೊಗಳಿಕೆ ಅಂದರೆ ಅಷ್ಟೇ. ಟೈಲರಮ್ಮ ಹಾಗಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೀದಿಯ ಅರ್ಧ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಇಂಥ ಇಬ್ಬರ ಸಂಸಾರ ಹೇಗೆ ನಡೆಯಿತು ಎಂದು ಕೇಳುವವರು ಆಕೆಯ ಟೆರೇಸನ್ನು ನೋಡಿರಲಿಲ್ಲ.

ಟೆರೇಸಿನ ನಡುವೆ ಎರಡು ಕಬ್ಬಿಣದ ಕಂಬಗಳ ಮಧ್ಯೆ ಒಂದು ತಂತಿ. ಗಂಡ ಮರಳಿ ಬರುವ ಹೊತ್ತಿಗೆ ಅದರ ಮೇಲೆ ಒಂದು ಬಟ್ಟೆ ಹರಡಿರಬೇಕು. ಹಳದಿ ಎಂದರೆ ಮನೆಯಲ್ಲಿ ಎಲ್ಲ ಸರಿ ಇದೆ. ನೀಲಿ ಎಂದರೆ ಎಲ್ಲ ಸರಿ ಇದೆ, ಬರುವಾಗ ಹಾಲು ತನ್ನಿ. ಕೆಂಪು ಎಂದರೆ ನಿಮ್ಮ ಅಕ್ಕ ಬಂದಿದ್ದಾರೆ, ಮುಖ ಸರಿ ಮಾಡಿಕೊಂಡು ಬನ್ನಿ. ಈ ಕೆಂಪು ಬಟ್ಟೆಯ ಗುಟ್ಟು ಆ ಅಕ್ಕನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆಕೆ ಬಂದಾಗಲೆಲ್ಲ, "ಒಗೆದ ಬಟ್ಟೆ ಮತ್ತೆ ಮತ್ತೆ ಒಣಗಿಸ್ತೀಯಲ್ಲ ಮಾರಾಯ್ತಿ" ಎಂದು ತಮ್ಮನ ಹೆಂಡತಿಯನ್ನು ಛೇಡಿಸುತ್ತಿದ್ದಳು.

ಆದರೆ ಅದು ತಮಾಷೆಗೆ ಶುರುವಾದದ್ದಲ್ಲ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಕ್ಯಾಪ್ಟನ್‌ನ ತಾಯಿ ಅಡುಗೆಮನೆಯಲ್ಲಿ ಕುಸಿದು ಕೂತವರು ಮೇಲೇಳಲಿಲ್ಲ. ಮಗ ಆಕಾಶದಲ್ಲಿದ್ದ. ಸರಿಯಾದ ಹೊತ್ತಿಗೇ ಇಳಿದ, ಮೆಕ್ಯಾನಿಕ್‌ಗಳ ಜೊತೆ ಚಹಾ ಕುಡಿದ, ಅಮ್ಮನಿಗೆಂದು ಕಿತ್ತಳೆ ಹಣ್ಣು ಕೊಂಡ, ಸೈಕಲ್ ಮೇಲೆ ಸಿಳ್ಳೆ ಹಾಕುತ್ತಾ ಬೀದಿಗೆ ತಿರುಗಿದ. ಮನೆಯ ಮುಂದೆ ಜನ ನಿಂತಿದ್ದರು. ಸಿಳ್ಳೆ ಕೇಳಿ ಎಲ್ಲರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವತ್ತಿನಿಂದ ಆತ ಸಿಳ್ಳೆ ಹಾಕಿದ್ದನ್ನು ಯಾರೂ ಕೇಳಿಲ್ಲ.

ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಹೊಸಿಲ ಬಳಿ ನಿಂತು ಬೂಟಿನ ದಾರ ಕಟ್ಟುತ್ತಾ, ತಲೆಯೆತ್ತದೆ ಹೇಳಿದ್ದ.

"ಏನೇ, ಇನ್ಮೇಲೆ ನಂಗೆ ಮೇಲಿಂದಲೇ ಗೊತ್ತಾಗ್ಬೇಕು."

"ಏನು ಗೊತ್ತಾಗ್ಬೇಕು?"

"ಮನೇಲಿ ಎಲ್ಲ ಸರಿ ಇದೆ ಅಂತ."

ಆಕೆ ಮೂಲೆಯ ಗಂಟಿನಿಂದ ಅಳತೆ ತಪ್ಪಿ ಹಾಳಾಗಿದ್ದ ಹಳದಿ ಮೇಜುಬಟ್ಟೆಯೊಂದನ್ನು ಎಳೆದಳು. ಆ ಬಟ್ಟೆ ಹರಿದು ಇನ್ನೊಂದು ಬಂತು, ಅದು ಬಿಸಿಲಿಗೆ ಬಿಳಿಚಿ ಮತ್ತೊಂದು ಬಂತು. ಮೊಬೈಲ್ ಬಂದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಫೋನಿನಲ್ಲಿ ಕ್ಯಾಪ್ಟನ್ "ಹೂಂ" ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ, ಅದಕ್ಕಿಂತ ತಂತಿಯೇ ವಾಸಿ ಎಂಬುದು ಹೆಂಡತಿಯ ಅಭಿಪ್ರಾಯ.

ಒಂದೇ ಒಂದು ಸಲ ಆಕೆ ಆ ವಿಮಾನ ಹತ್ತಿದ್ದಳು. ಸೀಟು ಖಾಲಿಯಿತ್ತು, ಗಂಡನಿಗೆ ಅಪರೂಪದ ಹುಮ್ಮಸ್ಸು ಬಂದಿತ್ತು. ಹೋಗುವಾಗ ಜೀವ ಕೈಯಲ್ಲಿ ಹಿಡಿದುಕೊಂಡು ಕೂತವಳು ಬರುವಾಗ ಕಣ್ಣು ಬಿಟ್ಟಳು. ಕೆಳಗೆ ತನ್ನ ಬೀದಿ ಬಂತು, ಹೊರಡುವ ಮುಂಚೆ ತಾನೇ ಹರಡಿ ಬಂದ ಬಟ್ಟೆ ಕಂಡಿತು. ಪಕ್ಕದಲ್ಲಿ ಗಂಡ ಯಾರಿಗೋ ಉತ್ತರ ಕೊಟ್ಟಂತೆ ಗಟ್ಟಿಯಾಗಿ "ಹಳದಿ" ಎಂದ. ಹಾಗಂದದ್ದೇ ತಡ, ಅವನ ಬಲಗೈ ತಾನಾಗಿ ಒಂದು ಹಿಡಿಕೆಯ ಮೇಲೆ ಹೋಯಿತು. ವಿಮಾನದ ಹೊಟ್ಟೆಯಡಿ ಘುರ್ರೆಂದು ಸದ್ದಾಗಿ, ಧಡ್ ಎಂದು ಏನೋ ಕೂತಿತು.

"ಯಾರಿಗ್ರೀ ಹೇಳಿದ್ದು?"

"ಯಾರಿಗೂ ಇಲ್ಲ. ಬಾಯಿಗೆ ಬರುತ್ತೆ. ಆಮೇಲೆ ಕೈ ತಾನೇ ಚಕ್ರ ಇಳಿಸುತ್ತೆ."

"ಅಂದ್ರೆ ದಿನಾ ವಿಮಾನದ ಚಕ್ರ ಇಳಿಸೋಳು ನಾನು ಅನ್ನಿ."

ಕ್ಯಾಪ್ಟನ್ ನಕ್ಕುಬಿಟ್ಟ. ಆ ನಗು ಆಕೆಗೆ ಒಂದು ಪದಕದಷ್ಟಾಯಿತು. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವಳ ಕಿವಿ ಮಾಡಿನ ಮೇಲಿರುತ್ತಿತ್ತು. ವಿಮಾನ ಮನೆಯ ಮೇಲೆ ಬಂದಾಗ ಘುರ್ರ್, ಧಡ್. ಕೇಳಿದ ಮೇಲೆ ಎದ್ದು ಚಹಾಕ್ಕೆ ನೀರಿಡುವುದು.

ಹೀಗೆ ಇಬ್ಬರ ಕೂದಲೂ ನರೆಯಿತು. ಮಕ್ಕಳಾಗಲಿಲ್ಲ. ಆ ಬಗ್ಗೆ ಊರವರು ಆಡಿಕೊಂಡಷ್ಟು ಅವರು ಆಡಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಶಾಲೆಯ ರಂಗಮಂಚಕ್ಕೆ ಬಿಳಿ ಪರದೆ ಹೊಲಿಯುವ ಕೆಲಸ ಬಂತು. ಹೊಸ ಹತ್ತಿಬಟ್ಟೆಗೆ ನೆನೆಸಿ ಒಣಗಿಸದೆ ಕತ್ತರಿ ಹಾಕುವವಳಲ್ಲ ಟೈಲರಮ್ಮ. ಮೊದಲು ನೀರು ಕುಡಿದು ಎಷ್ಟು ಕುಗ್ಗಬೇಕೋ ಕುಗ್ಗಲಿ, ಆಮೇಲೆ ಅಳತೆ, ಇದು ಆಕೆಯ ಹಟ. ಅಂಗಳದ ಹಗ್ಗ ಅಷ್ಟುದ್ದದ ಬಟ್ಟೆಗೆ ಸಾಲಲಿಲ್ಲ. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಹೊತ್ತು, ಏದುಸಿರು ಬಿಡುತ್ತಾ ಮೇಲೆ ಹತ್ತಿ, ಟೆರೇಸಿನ ಗೋಡೆಯುದ್ದಕ್ಕೂ ಹರಡಿದಳು. ತಂತಿಯ ಮೇಲೆ ಹಳದಿ ಬಟ್ಟೆ ಹಾಕಿ ಕ್ಲಿಪ್ ಸಿಕ್ಕಿಸಿದಳು. ಬಿಳಿ ಬಟ್ಟೆಗೆ ಕ್ಲಿಪ್ ಸಾಲದೆ ಎರಡು ಇಟ್ಟಿಗೆ ಹೇರಿ ಕೆಳಗಿಳಿದಳು.

ವಿಮಾನ ಹೊತ್ತಿಗೆ ಸರಿಯಾಗಿ ಬಂತು. ಸದ್ದು ಬೀದಿಯ ಮೇಲೆ ಬಂತು, ಮನೆಯ ಮೇಲೆ ಬಂತು, ದಾಟಿ ಹೋಯಿತು. ಟೈಲರಮ್ಮನ ಪಾದ ಯಂತ್ರದ ಪೆಡಲ್ ಮೇಲೆ ನಿಂತುಬಿಟ್ಟಿತು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ಅದಿಲ್ಲದೆ ಹೋದಂತೆ ಅನ್ನಿಸಿತು. ಏನು ತಪ್ಪಿತೆಂದು ಹೊಳೆಯುವಷ್ಟರಲ್ಲಿ ದೂರದಲ್ಲಿ ತಗಡು ಎಳೆದಾಡಿದ ಸದ್ದು ಉದ್ದಕ್ಕೆ ಕೇಳಿ ನಿಂತಿತು.

ಏರ್‌ಸ್ಟ್ರಿಪ್‌ನ ಬೆಂಕಿ ಆರಿಸುವ ಜೀಪಿನ ಡ್ರೈವರ್ ಫೋನ್ ಮಾಡಿದ. "ಅಕ್ಕ, ಮೊದಲು ಕೇಳಿ, ಜೀವಕ್ಕೇನೂ ಆಗಿಲ್ಲ. ಚಕ್ರ ಬಿಡದೇ ಇಳಿಸಿಬಿಟ್ರು. ಹೊಟ್ಟೆ ಮೇಲೆ ಜಾರ್ಕೊಂಡು ಹೋಯ್ತು. ಭುಜದ ಮೂಳೆಗೆ ಪೆಟ್ಟಾಗಿರೋ ಹಾಗಿದೆ. ನೀವು ಬನ್ನಿ, ಅವಸರ ಮಾಡ್ಬೇಡಿ."

ಅವಸರ ಮಾಡಬೇಡಿ ಎಂದರೆ ಯಾವ ಹೆಂಡತಿ ಕೇಳುತ್ತಾಳೆ? ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿದ್ದಂತೆ ಆಟೋ ಹತ್ತಿದಳು.

ರನ್‌ವೇ ಮೇಲೆ ಕಂಡ ದೃಶ್ಯಕ್ಕೆ ಅಳಬೇಕೋ ನಗಬೇಕೋ ತಿಳಿಯುವಂತಿರಲಿಲ್ಲ. ವಿಮಾನ ಹೊಟ್ಟೆ ಊರಿ ಕೂತಿತ್ತು, ಮುಂದಿನ ಫ್ಯಾನಿನ ರೆಕ್ಕೆಗಳು ಹಿಂದಕ್ಕೆ ಮಡಚಿಕೊಂಡಿದ್ದವು. ಅವತ್ತಿನ ಸಾಮಾನು ಕೋಳಿಮರಿ. ಪೆಟ್ಟಿಗೆಗಳು ಒಡೆದು ರನ್‌ವೇ ತುಂಬ ಮರಿಗಳು ಚಿಯಾಂ ಚಿಯಾಂ ಎಂದು ಓಡಾಡುತ್ತಿದ್ದವು. ಬೆಂಕಿ ಆರಿಸಲು ಬಂದ ಭಾರಿ ಆಳುಗಳು ಹೆಲ್ಮೆಟ್ ಮಗುಚಿ ಹಿಡಿದು ಮರಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಕ್ಯಾಪ್ಟನ್ ಜೀಪಿನ ಮೆಟ್ಟಿಲ ಮೇಲೆ, ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದು ಕೂತಿದ್ದ. ಹೆಂಡತಿಯನ್ನು ಕಂಡದ್ದೇ ಎದ್ದು ನಿಂತ. ಅವಳನ್ನು ತಲೆಯಿಂದ ಕಾಲಿನವರೆಗೆ ಎರಡೆರಡು ಸಲ ನೋಡಿದ.

"ನೀನು ಚೆನ್ನಾಗಿದ್ದೀಯಾ?" ಎಂದ.

"ನಂಗೇನಾಗಿದೆ? ಬಿದ್ದಿರೋದು ನೀವು," ಎಂದಳು ಆಕೆ. ತಲೆಗೂ ಪೆಟ್ಟು ಬಿದ್ದಿದೆಯೆಂದುಕೊಂಡಳು. ಡಾಕ್ಟರ ಹತ್ತಿರ ತಲೆಯನ್ನೂ ಪರೀಕ್ಷೆ ಮಾಡಿಸಿದಳು. ತಲೆ ನೆಟ್ಟಗಿತ್ತು, ಕೊರಳ ಹತ್ತಿರದ ಮೂಳೆ ಬಿರುಕು ಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಪರದೆ ಬಟ್ಟೆ ನೆನಪಾಗಿ ಮೇಲೆ ಹತ್ತಿದಳು. ಗೋಡೆಯ ಮೇಲಿನ ಎರಡೂ ಇಟ್ಟಿಗೆ ಕೆಳಗೆ ಬಿದ್ದಿದ್ದವು. ಗಾಳಿಗೆ ಬಿಳಿ ಬಟ್ಟೆ ಎದ್ದು ತಂತಿಯ ಮೇಲೆ ಬಿದ್ದು, ಸುತ್ತಿಕೊಂಡು, ಹಾಗೇ ಒಣಗಿ ಗರಿಗರಿಯಾಗಿತ್ತು. ಅದನ್ನು ಬಿಡಿಸಿದರೆ ಅಡಿಯಲ್ಲಿ ಹಳದಿ ಬಟ್ಟೆ, ಕ್ಲಿಪ್ಪಿನಲ್ಲಿ ಕಚ್ಚಿಕೊಂಡು ಇತ್ತು. ಟೈಲರಮ್ಮ ಅಲ್ಲೇ ಕೂತಳು. ಮೇಲಿನಿಂದ ಆತ ನೋಡಿದ್ದು ಬಿಳಿ. ಬಿಳಿಗೆ ಅವರಿಬ್ಬರಲ್ಲಿ ಅರ್ಥವೇ ಇರಲಿಲ್ಲ. ಬಾಯಿಗೆ "ಹಳದಿ" ಬಂದಿರಲಿಲ್ಲ, ಅದಕ್ಕೇ ಕೈ ಹಿಡಿಕೆಗೆ ಹೋಗಿರಲಿಲ್ಲ. ರನ್‌ವೇಯಲ್ಲಿ "ನೀನು ಚೆನ್ನಾಗಿದ್ದೀಯಾ" ಎಂದು ಕೇಳಿದ್ದು ಪೆಟ್ಟಿನ ಮಂಪರಿನಲ್ಲಿ ಅಲ್ಲ ಎಂದು ಆಗ ಗೊತ್ತಾಯಿತು. ಆ ಬಿಳಿ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು.

ಕೆಳಗಿಳಿದು ಬಂದವಳು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಕ್ಯಾಪ್ಟನ್ ಕೂಡ ಹೇಳಲಿಲ್ಲ. ಯಾರು ಬಂದು ಕೇಳಿದರೂ ಅವನದು ಒಂದೇ ಉತ್ತರ: "ಮರೆತೆ." ಅವನು ಸುಳ್ಳು ಹೇಳುತ್ತಿರುವುದು ಯಾರಿಗಾಗಿ ಎಂದು ಅವಳಿಗೆ ಗೊತ್ತಿತ್ತು. ತನಗೆ ಗೊತ್ತಿದೆ ಎಂದರೆ ಅವನು ಮುಚ್ಚಿಟ್ಟದ್ದೆಲ್ಲ ದಂಡ. ಮಾತಿನ ಮಲ್ಲಿಯಂಥವಳು ಕೂಡ ಗಂಡನಷ್ಟೇ ಮೌನವಾದಳು, ಆ ಮನೆಯಲ್ಲಿ ಕತ್ತರಿಯ ಸದ್ದು ಮಾತ್ರ ಉಳಿಯಿತು.

ಇತ್ತ ಏರ್‌ಸ್ಟ್ರಿಪ್‌ನಲ್ಲಿ ಗುಸುಗುಸು ಎದ್ದಿತ್ತು. ವಯಸ್ಸಾಯಿತು, ಚಕ್ರ ಮರೆತವನು ನಾಳೆ ರನ್‌ವೇಯನ್ನೇ ಮರೆತಾನು ಎಂದರು. ಮೆಕ್ಯಾನಿಕ್ ನೋಡಲು ಬಂದವನು ಹೊರಡುವಾಗ ಟೈಲರಮ್ಮನಿಗೆ ಬಾಗಿಲಲ್ಲಿ ಹೇಳಿದ: "ಅಕ್ಕ, ತನಿಖೆಯೋರು ಬರ್ತಾರೆ. ಕಾರಣ ಇಲ್ಲದೇ ಮರೆತೆ ಅಂದ್ರೆ ಲೈಸೆನ್ಸ್ ಹೋಯ್ತು ಅಂತಾನೇ ಲೆಕ್ಕ. ಏನಾದ್ರೂ ಕಾರಣ ಹೇಳೋಕೆ ಹೇಳಿ." ಒಳಗೆ ಕ್ಯಾಪ್ಟನ್ ಕಿಟಕಿಯ ಬಳಿ ಕೂತು, ಔಷಧ ಹೊಡೆಯುವ ವಿಮಾನ ಇಳಿಯುವುದನ್ನು ನೋಡುತ್ತಿದ್ದ. ನೋವಿಲ್ಲದ ಕೈ ತೊಡೆಯ ಮೇಲೆ ಇಲ್ಲದ ಹಿಡಿಕೆಯನ್ನು ಒತ್ತಿತು. ಟೈಲರಮ್ಮ ನೋಡಿಯೂ ನೋಡದವಳಂತೆ ಸೂಜಿಗೆ ದಾರ ಪೋಣಿಸಲು ಹೋದಳು, ದಾರ ಸೂಜಿಯ ಕಣ್ಣು ಬಿಟ್ಟು ಎಲ್ಲೆಲ್ಲೋ ಹೋಯಿತು.

ತನಿಖಾಧಿಕಾರಿ ಗಂಟುಮುಖದ ದೊಡ್ಡ ಮನುಷ್ಯನಿರಬಹುದು ಎಂದುಕೊಂಡಿದ್ದರೆ, ಬಂದವನು ಸಣ್ಣಗೆ, ತೆಳ್ಳಗೆ, ಕೋಟಿನ ಗುಂಡಿಯೊಂದು ದಾರದಲ್ಲಿ ನೇತಾಡುತ್ತಿದ್ದ ಮನುಷ್ಯ. ಗುಂಡಿಯನ್ನು ಮೊದಲು ನೋಡಿದವಳು ಟೈಲರಮ್ಮನೇ ಎಂದು ಬೇರೆ ಹೇಳಬೇಕಾಗಿಲ್ಲ.

"ಇಳಿಯೋ ಮುಂಚೆ ಏನೇನು ಮಾಡ್ಬೇಕು ಅನ್ನೋ ಪಟ್ಟಿ, ಆ ಕಾರ್ಡ್ ಓದಿಕೊಂಡ್ರಾ?" ಎಂದು ಆತ ಕೇಳಿದ.

"ಓದಿಲ್ಲ."

"ಯಾವಾಗ್ಲೂ ಓದಲ್ವಾ?"

"ಬಾಯಿಪಾಠ ಇತ್ತು."

"ಚಕ್ರ ಇಳಿದಿಲ್ಲ ಅಂತ ಅಲಾರಂ ಕೂಗಿರುತ್ತಲ್ಲ?"

"ಕೂಗಿತು. ಮರಿಗಳೂ ಕೂಗ್ತಾ ಇದ್ವು. ಕಿವಿಗೆ ಬಿತ್ತು, ತಲೆಗೆ ಹೋಗ್ಲಿಲ್ಲ."

"ತಲೆ ಎಲ್ಲಿತ್ತು ಸರ್?"

"ಎಲ್ಲೂ ಇಲ್ಲ. ಮರೆತೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಎಲ್ಲೂ ಇಲ್ಲದೇ ಮರೆಯೋದೇ ಕಷ್ಟದ ಮಾತು ಸರ್. ಕಾರಣ ಇದ್ರೆ ಅದನ್ನ ತೆಗೆದು ಹಾಕಬಹುದು. ಕಾರಣವೇ ಇಲ್ಲ ಅಂದ್ರೆ ನಾನು ನಿಮ್ಮನ್ನೇ ತೆಗೆದು ಹಾಕಬೇಕಾಗುತ್ತೆ."

"ಹಾಕಿ," ಎಂದ ಕ್ಯಾಪ್ಟನ್.

ಟೈಲರಮ್ಮ ಯಂತ್ರದ ಮುಂದಿನಿಂದ ಎದ್ದಳು. "ಕೋಟು ಕೊಡಿ ಇಲ್ಲಿ. ಗುಂಡಿ ಬಿದ್ದೋಗುತ್ತೆ."

ಅಧಿಕಾರಿ ತಬ್ಬಿಬ್ಬಾಗಿ ಗಂಡನ ಮುಖ ನೋಡಿದ, ಆಮೇಲೆ ಬಿಚ್ಚಿ ಕೊಟ್ಟ. ಆಕೆ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಗುಂಡಿಯ ಮೇಲಿಟ್ಟು ಹೊಲಿಯಲು ಶುರು ಮಾಡಿದಳು. ಹೊಲಿಯುತ್ತಲೇ ಹೇಳಿದಳು.

"ಇವರ ತಲೆ ನಮ್ಮ ಟೆರೇಸಿನ ಮೇಲಿತ್ತು."

"ಏಯ್," ಎಂದ ಕ್ಯಾಪ್ಟನ್.

"ನೀವು ಸುಮ್ನಿರಿ. ಇಷ್ಟು ದಿನ ಸುಮ್ನಿದ್ರಲ್ಲ, ಇನ್ನೂ ಸ್ವಲ್ಪ ಹೊತ್ತು ಇರಿ." ಆಮೇಲೆ ಅತ್ತೆಯ ಸಾವು, ಸಿಳ್ಳೆ, ಹಳದಿ ಬಟ್ಟೆ, ತಾನು ಒಂದು ಸಲ ಪಕ್ಕದಲ್ಲಿ ಕೂತು ನೋಡಿದ್ದು, ಬಾಯಿ ಮತ್ತು ಕೈಯ ನಂಟು, ಪರದೆ, ಗಾಳಿ, ಇಟ್ಟಿಗೆ, ಒಂದನ್ನೂ ಬಿಡದೆ ಹೇಳಿದಳು. "ಬಣ್ಣ ಓದಿದ ಮೇಲೆ ಚಕ್ರ. ಇಷ್ಟು ವರ್ಷ ಹಾಗೇ ನಡೀತು. ಅವತ್ತು ಓದೋಕೆ ನಾನು ಏನೂ ಇಟ್ಟಿರ್ಲಿಲ್ಲ. ಮರೆವು ಅಲ್ಲ ಸಾರ್ ಅದು. ನನ್ನ ಬಗ್ಗೆ ಯೋಚನೆ."

ಹಲ್ಲಿನಿಂದ ದಾರ ಕಡಿದಳು. ಗುಂಡಿ ನೆಟ್ಟಗೆ ಕೂತಿತ್ತು.

ಕ್ಯಾಪ್ಟನ್ ಅಧಿಕಾರಿಯ ಕಡೆ ತಿರುಗಿದ. "ಇವಳ ತಪ್ಪು ಅಂತ ಎಲ್ಲೂ ಬರೀಬೇಡಿ," ಎಂದ. ಆಮೇಲೆ, "ಬಿಳಿ ಅಂದ್ರೆ ಏನಿರಬಹುದು ಅಂತ ಯೋಚಿಸ್ತಾ ಇದ್ದೆ. ಮನೆ ಮುಂದೆ ಜನ ನಿಂತಿದಾರಾ ಅಂತ ಕತ್ತು ತಿರುಗಿಸಿ ನೋಡಿದೆ. ಮುಂದಕ್ಕೆ ತಿರುಗಿದಾಗ ನೆಲ ಬಂದಿತ್ತು," ಎಂದ. ಹೆಂಡತಿಗೆ ಗೊತ್ತಿದ್ದಂತೆ ಅದು ಅವನು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು.

ಅಧಿಕಾರಿ ಕೋಟು ಹಾಕಿಕೊಂಡು, ಗುಂಡಿ ಮುಟ್ಟಿ ನೋಡಿಕೊಂಡ. "ತಪ್ಪು ನಿಮ್ಮದೇ ಅಂತ ಬರೀತೀನಿ ಸರ್, ಯಾಕಂದ್ರೆ ಹೌದು. ಕಾರ್ಡ್ ಓದಬೇಕಿತ್ತು. ಭುಜ ವಾಸಿಯಾದ ಮೇಲೆ ಮತ್ತೆ ಪರೀಕ್ಷೆಗೆ ಬನ್ನಿ. ಚಕ್ರ ಈ ಮನೆಗಿಂತ ಎಷ್ಟೋ ಮುಂಚೆ, ಊರಾಚೆ ಕಾಣೋ ಆ ಎತ್ತರದ ಹೊಗೆಕೊಳವೆ ಹತ್ರಾನೇ ಇಳೀಬೇಕು, ಕಾರ್ಡ್ ನೋಡಿಕೊಂಡೇ. ಮತ್ತೆ ಟೆರೇಸಿನ ಮೇಲೆ ಯಾವ ಬಟ್ಟೆಯೂ ಇರಬಾರದು."

"ಹಾಗಾದ್ರೆ ಇವರಿಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಟೈಲರಮ್ಮ.

"ನಾವೆಲ್ಲ ಏನೂ ಗೊತ್ತಿಲ್ಲದೇ ಮನೆಗೆ ಹೋಗ್ತೀವಿ ಅಮ್ಮ. ಬಾಗಿಲು ತೆಗೆದ ಮೇಲೆ ಗೊತ್ತಾಗುತ್ತೆ," ಎಂದು ಆತ ಮೆತ್ತಗೆ ಹೇಳಿದ.

ಅವನು ಹೋದ ಮೇಲೆ ಗಂಡ ಹೆಂಡತಿ ಜಗಳವಾಡಿದರು. ಎಷ್ಟೋ ವರ್ಷಗಳಿಂದ ಆಡದ ಜಗಳ. "ಯಾಕೆ ಹೇಳಿದೆ?" ಎಂದು ಆತ. "ನೀವ್ಯಾಕೆ ಹೇಳ್ಲಿಲ್ಲ?" ಎಂದು ಆಕೆ. "ನೀನು ಕೊರಗ್ತೀಯ ಅಂತ." "ನೀವು ಕಿಟಕಿ ಹತ್ರ ಕೂತಿರೋದು ನೋಡಿದ್ರೆ ಕೊರಗಲ್ವಾ?"  ಆತ ಅಂದು ಊಟಕ್ಕೆ ಎರಡನೆಯ ಸಲ ಬಡಿಸಿಕೊಂಡ.

ಮಳೆಗಾಲ ಕಳೆದ ಮೇಲೆ ಆತ ಪರೀಕ್ಷೆ ಪಾಸಾದ. ಮತ್ತೆ ಅಂಚೆ ಚೀಲ ಹೊತ್ತು ಹಾರಿದ ಮೊದಲ ದಿನ ಟೈಲರಮ್ಮ ಹಳದಿ ಬಟ್ಟೆಯನ್ನು ಮಡಚಿ ಪೆಟ್ಟಿಗೆಯಡಿಗೆ ತಳ್ಳಿದಳು. ಕೈ ಸುಮ್ಮನಿರದೆ ಎರಡು ಸಲ ಪೆಟ್ಟಿಗೆಯ ತನಕ ಹೋಗಿ ಬಂತು. ವಿಮಾನದ ಸದ್ದು ದೂರದಲ್ಲಿ ಎದ್ದಾಗ ಯಂತ್ರ ಬಿಟ್ಟು ಮೇಲೆ ಹತ್ತಿದಳು, ಆದರೆ ಹೊರಗೆ ಕಾಲಿಡಲಿಲ್ಲ. ತನ್ನ ಸೀರೆಯ ಬಣ್ಣವೂ ಅವನ ಕಣ್ಣಿಗೆ ಬೀಳಬಾರದು. ಮೆಟ್ಟಿಲ ಮೇಲಿನ ಚಿಕ್ಕ ಮಾಡಿನ ನೆರಳಲ್ಲಿ, ಬಾಗಿಲ ಸಂದಿಯಿಂದ ಆಕಾಶ ನೋಡುತ್ತಾ ನಿಂತಳು. 

ವಿಮಾನ ಬಂತು. ಚಕ್ರಗಳು ಆಗಲೇ ಕೆಳಗಿದ್ದವು, ಮೂರೂ. ಖಾಲಿ ತಂತಿಯ ಮೇಲೆ ಅದರ ನೆರಳು ಹಾದು ಹೋಯಿತು. ರೆಕ್ಕೆ ಒಂದಿಷ್ಟೂ ವಾಲಲಿಲ್ಲ. ಆತ ಕೆಳಗೆ ನೋಡಲಿಲ್ಲ ಎಂದು ಅವಳಿಗೆ ತಿಳಿಯಿತು. ನೆಮ್ಮದಿಯಾಯಿತು, ಅದರ ಹಿಂದೆಯೇ ಹೇಳಲಾಗದಷ್ಟು ದುಃಖವೂ ಆಯಿತು. ಇಳಿದು ಬಂದು ಚಹಾಕ್ಕೆ ನೀರಿಟ್ಟಳು.

ಚಹಾದ ನೀರು ಕುದಿಯುವ ಮುಂಚೆಯೇ ಸೈಕಲ್ ಬಂತು. ಮೆಕ್ಯಾನಿಕ್‌ಗಳ ಚಹಾ ಕೂಡ ಬಿಟ್ಟು ಬಂದಿದ್ದನೆಂದು ಕಾಣುತ್ತದೆ, ಸೈಕಲನ್ನು ಗೋಡೆಗೆ ಒರಗಿಸುವಾಗ ಏದುಸಿರು ಬಿಡುತ್ತಿದ್ದ. ಬಾಗಿಲು ತೆಗೆದೇ ಇತ್ತು. ಆದರೂ ಕ್ಯಾಪ್ಟನ್ ಹೊಸಿಲಾಚೆ ನಿಂತ. ಒಳಗೆ ಬರಲು ಹೆದರಿದವನಂತೆ, ಬಗ್ಗಿ ಒಂದು ಬೂಟಿನ ದಾರ ಬಿಚ್ಚಿದ, ತಲೆಯೆತ್ತದೆ ಕೇಳಿದ.

"ಮನೇಲಿ ಎಲ್ಲ ಸರಿ ಇದೆಯಾ?"

ಅಡುಗೆಮನೆಯಿಂದ ಟೈಲರಮ್ಮ ಬಂದು ಅವನೆದುರು ನಿಂತಳು. ಹೇಳಬೇಕೆಂದುಕೊಂಡಿದ್ದು ಬಹಳವಿತ್ತು. ಸೆರಗಿನಿಂದ ಕೈ ಒರೆಸಿಕೊಂಡಳು, ಮುಖವನ್ನೂ ಒರೆಸಿಕೊಂಡಳು.

"ನೀಲಿ," ಎಂದಳು.

ಕ್ಯಾಪ್ಟನ್ ತಲೆಯೆತ್ತಿ ಅವಳನ್ನು ನೋಡಿದ. ಬಿಚ್ಚಿದ ಬೂಟಿನ ದಾರವನ್ನು ಮತ್ತೆ ಕಟ್ಟಿಕೊಂಡು, ಹಾಲಿನ ಪಾತ್ರೆಗೆ ಕೈ ಚಾಚಿದ.